ನಾಲ್ಕೇ ಗಂಟೆ ಆರಿದ ಗಾಜು

ತೂಗುದೀಪದ ಹತ್ತನೆಯ ತೋಳನ್ನು ಹಿತ್ತಾಳೆಯ ಕುಳಿಗೆ ಇಳಿಸುವಾಗ ಲಿವಿಯೊನ ಬೆರಳು ಜಾರಿತು. ಅರ್ಧ ಅಂಗುಲ, ಅಷ್ಟೆ. ಗಾಜು ಹಿತ್ತಾಳೆಗೆ ತಾಗಿ ಕಿಣ್ಣೆಂದಿತು. ಅವನು ಉಸಿರು ಹಿಡಿದು ಕಾದ. ಮತ್ತೇನೂ ಆಗಲಿಲ್ಲ.

"ನಿಧಾನ, ಪ್ರೊಫೆಸರ್ರೇ," ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದ ಮೋಮೊ ಹೇಳಿದ. "ಅದೇನು ಪುಸ್ತಕದ ಹಾಳೆ ಅಲ್ಲ, ಉಗುಳು ಹಚ್ಚಿ ಮಗುಚಕ್ಕೆ."

ಲಿವಿಯೊ ಪ್ರೊಫೆಸರನಾಗಿರಲಿಲ್ಲ. ಮೆಸ್ತ್ರೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷ ಕಲೆಯ ಇತಿಹಾಸ ಪಾಠ ಹೇಳಿ, ವೆನಿಸ್ಸಿನ ಪಕ್ಕದ ಈ ಮುರಾನೊ ದ್ವೀಪದ ಗಾಜಿನ ಮೇಲೆ ಎರಡು ಪುಸ್ತಕ ಬರೆದು, ಈಗ ಹಳೆಯ ದೀಪಗಳಿಗೆ 'ಇದು ಇಂಥವರ ಕೈಯದು' ಎಂದು ಪ್ರಮಾಣಪತ್ರ ಬರೆದುಕೊಡುತ್ತಿದ್ದ. ದೀಪ ಜೋಡಿಸುವುದರಲ್ಲೇ ತಲೆ ನರೆಸಿದ ಮೋಮೊನಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಹಾಗೆ ಕರೆಯುತ್ತಿದ್ದ.

ತೂಗುದೀಪವನ್ನು ರಾಟೆಯಿಂದ ಎದೆಮಟ್ಟಕ್ಕೆ ಇಳಿಸಿದ್ದರು. ತಿಳಿ ಹೊಗೆಬಣ್ಣದ ಹನ್ನೆರಡು ತೋಳು, ಹಗ್ಗದಂತೆ ತಿರುಚಿ ಮೇಲಕ್ಕೆ ಬಾಗಿದವು. ತುದಿಯಲ್ಲಿ ಒಂದೊಂದು ಹಾಲುಬಿಳಿಯ ಹೂವು, ಹೂವಿನೊಳಗೆ ಒಂದೊಂದು ಬಲ್ಬು. ನಲವತ್ತು ವರ್ಷದ ಹಿಂದೆ ಲಿವಿಯೊನ ಅಪ್ಪ, ಗಾಜು ಊದುವ ಮಾಸ್ತ್ರೊ ಅನ್ಸೆಲ್ಮೊ, ಇದನ್ನು ಗಾರ್ದಾ ಸರೋವರದ ಹೋಟೆಲೊಂದಕ್ಕೆ ಮಾಡಿಕೊಟ್ಟಿದ್ದ. ಹೋಟೆಲು ಮುಚ್ಚಿತು. ದೀಪ ಪೆಟ್ಟಿಗೆ ಸೇರಿತು. ಈಗ ಪೆಟ್ಟಿಗೆಯಿಂದೆದ್ದು, ಒಂದು ಕಾಲದಲ್ಲಿ ಕುಲುಮೆಯಾಗಿದ್ದ ಇದೇ ಶೆಡ್ಡಿಗೆ ಮರಳಿ ಬಂದಿತ್ತು. ಕುಲುಮೆ ಇದ್ದ ಜಾಗದಲ್ಲಿ ಈಗ ಸೋಫಾ ಇತ್ತು.

ಅಂಗಡಿಯ ಒಡತಿ ಒರ್ನೆಲ್ಲಾ ಬರೆಸಿದ್ದ ಕಾಗದ ಲಿವಿಯೊನ ಕೋಟಿನ ಎಡ ಜೇಬಿನಲ್ಲಿತ್ತು. 'ಹನ್ನೆರಡೂ ತೋಳುಗಳು ಮಾಸ್ತ್ರೊ ಅನ್ಸೆಲ್ಮೊ ಅವರ ಒಂದೇ ಕೈಯವು. ಬದಲಿ ಭಾಗ ಯಾವುದೂ ಇಲ್ಲ.' ಕೆಳಗೆ ರುಜುವಿಗೆ ಜಾಗ. ಮೂರೂವರೆಗೆ ಬಾಸೆಲ್‌ನ ಗಂಡಹೆಂಡತಿ ಕೊಳ್ಳಲು ಬರುತ್ತಾರೆ, ದೀಪ ಹೊತ್ತಿಸುತ್ತಾರೆ, ಕಾಗದ ಕೇಳುತ್ತಾರೆ.

ಬಲ ಜೇಬಿನಲ್ಲಿ ಅಂಗೈಯಗಲದ ಎರಡು ಬೂದುಬಣ್ಣದ ಹಾಳೆಗಳಿದ್ದವು. ಅವು ಅಲ್ಲಿರುವುದು ಯಾರಿಗೂ ಗೊತ್ತಿರಲಿಲ್ಲ.

ಹನ್ನೆರಡರಲ್ಲಿ ಒಂದು ತೋಳು ಅಪ್ಪನದಲ್ಲ. ಅದು ಲಿವಿಯೊ ಮಾಡಿದ್ದು.

ಯಾವುದು ಎಂದು ಮಾತ್ರ ಅವನಿಗೆ ತಿಳಿಯುತ್ತಿರಲಿಲ್ಲ.

*

ಆಗ ಅವನಿಗೆ ಹದಿನೆಂಟು. ಮೇ ತಿಂಗಳು. ಅಮ್ಮನ ಆಪರೇಶನ್ನೆಂದು ಅಪ್ಪ ಎರಡು ದಿನ ವೆನಿಸ್ಸಿನ ಆಸ್ಪತ್ರೆಯಲ್ಲಿದ್ದ. ತೋಳುಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವುದು ಲಿವಿಯೊನ ಕೆಲಸ. ಒಂದು ಕೈತಪ್ಪಿ ಬಿತ್ತು. ಶಬ್ದ ಕೇಳಿ ಬಂದ ಮುದುಕ ಆಳು ಜೋರ್ಜಿ ಚೂರುಗಳನ್ನೂ ಹುಡುಗನ ಮುಖವನ್ನೂ ನೋಡಿ, ಕುಲುಮೆಯ ಕಡೆ ಗದ್ದದಿಂದ ಸನ್ನೆ ಮಾಡಿದ್ದ.

ಏಳು ಸಲ ತೋಳು ಸೊಟ್ಟಗಾಯಿತು. ಎಂಟನೆಯ ಸಲ ನಿಂತಿತು.

ಬಿಸಿ ಗಾಜನ್ನು ಹಾಗೇ ಬಿಡುವಂತಿಲ್ಲ. ಆರಿಸುವ ಒಲೆಯೊಳಗೆ ಒಂದಿಡೀ ರಾತ್ರಿ, ಮರುದಿನವೂ, ಅದು ತನ್ನಷ್ಟಕ್ಕೆ ತಣಿಯಬೇಕು. ಅವಸರಪಟ್ಟು ತೆಗೆದರೆ ಮೇಲೆ ತಣ್ಣಗಿದ್ದು ಒಳಗೆ ಬಿಗಿತ ಉಳಿಯುತ್ತದೆ. ನೋಡುವುದಕ್ಕೆ ಏನೂ ಇಲ್ಲ. ಆಮೇಲೆ ಒಂದು ದಿನ, ಹತ್ತು ದಿನಕ್ಕೋ ಮೂವತ್ತು ವರ್ಷಕ್ಕೋ, ಸ್ವಲ್ಪ ಶಾಖ ತಾಗಿದಾಗ ಕಾರಣವಿಲ್ಲದೆ ಸೀಳುತ್ತದೆ. ದ್ವೀಪದ ಮಕ್ಕಳಿಗೆ ಇದು ಪ್ರಾರ್ಥನೆ ಕಲಿಯುವ ಮೊದಲೇ ಗೊತ್ತಿರುತ್ತದೆ. ಲಿವಿಯೊನಿಗೂ ಗೊತ್ತಿತ್ತು. ಆದರೆ ಅಪ್ಪ ಬೆಳಗಿನ ಮೊದಲ ಬೋಟಿಗೆ ಬರುವವನಿದ್ದ. ಬಂದವನೇ ಮೊದಲು ನೋಡುವುದು ಆ ಒಲೆಯನ್ನೇ. ನಾಲ್ಕು ಗಂಟೆಗಳ ನಂತರ ಲಿವಿಯೊ ತೋಳನ್ನು ಹೊರತೆಗೆದು, ಉಣ್ಣೆಯ ಶಾಲಿನಲ್ಲಿ ಸುತ್ತಿ, ಉಳಿದವುಗಳ ನಡುವೆ ಮಲಗಿಸಿದ.

ಅಪ್ಪ ಬಂದ. ಪೆಟ್ಟಿಗೆಗಳನ್ನು ನೋಡಿ, "ಮೊಳೆ ನಾನೇ ಹೊಡೀತೀನಿ, ನೀನು ಅಮ್ಮನ ಹತ್ತಿರ ಹೋಗು" ಎಂದ. ಪೆಟ್ಟಿಗೆ ಹೊತ್ತ ದೋಣಿ ಒಂದು ದಿನ ತಡವಾಗಿ ಹೊರಟಿತು. ಆ ವರ್ಷದ ಚಳಿಗಾಲದೊಳಗೆ ಲಿವಿಯೊ ಓದಲು ಪಾದೋವಾಕ್ಕೆ ಹೋದ. ಅಪ್ಪ ಬೇಡವೆನ್ನಲಿಲ್ಲ. ಮೂರು ತಲೆಮಾರು ಗಾಜು ಊದುತ್ತ ಬಂದ ಮನೆಯಲ್ಲಿ ಹಾಗೆ ಒಂದೇ ಮಾತಿಗೆ 'ಹೋಗು' ಎಂದದ್ದು ಉದಾರತೆ ಎಂದು ಲಿವಿಯೊ ನಲವತ್ತು ವರ್ಷ ನಂಬಿದ್ದ.

ಅವನ ಕೈಯಿಂದ ಈ ಲೋಕದಲ್ಲಿ ಆದ ವಸ್ತು ಅದೊಂದೇ.

*

ಸತ್ತು ಇನ್ನೂರು ವರ್ಷವಾದ ಮಾಸ್ತ್ರೊಗಳ ಕೈಯನ್ನು ಲಿವಿಯೊ ಒಂದು ಎಲೆಯ ಬಾಗಿನಿಂದ ಗುರುತಿಸುತ್ತಿದ್ದ. ಇದರ ಬಗ್ಗೆ ಒಂದು ಅಧ್ಯಾಯವನ್ನೇ ಬರೆದಿದ್ದ. ಈಗ ಮೂರು ದಿನದಿಂದ ತನ್ನ ತೋಳನ್ನು ಹುಡುಕುತ್ತಿದ್ದ. ಬೆಳಿಗ್ಗೆ ಮೂರನೆಯದು ತನ್ನದೆನಿಸುತ್ತಿತ್ತು, ಸಂಜೆ ಹನ್ನೊಂದನೆಯದು. ನಡುವೆ ಯಾರೋ ರಿಪೇರಿಯವರು ತಳದ ಹಿತ್ತಾಳೆಯನ್ನೆಲ್ಲ ಬದಲಿಸಿ ಹೊಸ ನಂಬರು ಕೊರೆದಿದ್ದರು. ಅಲ್ಲಿಯೂ ಸುಳಿವಿರಲಿಲ್ಲ.

ಬಲ ಜೇಬಿನ, ಬೆಳಕು ಸೋಸುವ ಆ ಹಾಳೆಗಳು ಒಂದು ನಿಮಿಷದಲ್ಲಿ ಹೇಳಿಬಿಡುತ್ತಿದ್ದವು. ಎರಡನ್ನೂ ಅಡ್ಡಡ್ಡ ಹಿಡಿದರೆ ಬೆಳಕು ಸಾಯುತ್ತದೆ. ನಡುವೆ ಸರಿಯಾಗಿ ಆರಿದ ಗಾಜಿಟ್ಟರೂ ಕತ್ತಲೆಯೇ. ಬಿಗಿತವುಳ್ಳ ಗಾಜು ಮಾತ್ರ ಆ ಕತ್ತಲಲ್ಲಿ ನವಿಲುಗರಿಯಂತೆ ಬಣ್ಣ ಬಿಡುತ್ತದೆ.

ಅವನು ನೋಡಿರಲಿಲ್ಲ. ನೋಡಿದರೆ ಗೊತ್ತಾಗುತ್ತದೆ. ಗೊತ್ತಾದರೆ ಏನಾದರೂ ಮಾಡಬೇಕಾಗುತ್ತದೆ. ಹೇಳಿದರೆ ಅಪ್ಪನ ದೊಡ್ಡ ದೀಪ ತೇಪೆ ಹಾಕಿದ ದೀಪವಾಗುತ್ತದೆ. ಹೇಳದಿದ್ದರೆ ಮೂರೂವರೆಗೆ ಹನ್ನೆರಡು ಬಲ್ಬು ಬಿಸಿಯೇರುತ್ತವೆ, ಕೆಳಗೆ ಜನ ನಿಂತಿರುತ್ತಾರೆ. ಹೋಟೆಲಿನಲ್ಲಿ ಒಡೆಯದ್ದು ಇಲ್ಲಿ ಒಡೆದೀತೆ? ಒಡೆದೀತು. ಅಂಥ ಗಾಜಿಗೆ ತೇದಿ ಇರುವುದಿಲ್ಲ.

"ಹನ್ನೆರಡೂ ಕೂತ್ವು," ಎಂದ ಮೋಮೊ. "ಅಣ್ಣತಮ್ಮಂದಿರ ಥರ ಇದಾವೆ ನೋಡಿ. ಒಂದಕ್ಕೊಂದು ಮುಖ ಕೊಟ್ಟು ಮಾತಾಡ್ತಿಲ್ಲ."

"ಒಂದು ಬೇರೆ ಥರ ಕಾಣಲ್ವಾ?"

"ಯಾವುದು?"

"ಯಾವುದಾದ್ರೂ."

ಮೋಮೊ ಕೈ ಒರೆಸಿಕೊಂಡು ಅವನನ್ನೇ ನೋಡಿದ. "ನೀವು ಬೆಳಿಗ್ಗೆ ಏನಾದ್ರೂ ತಿಂದಿದ್ದೀರೋ ಇಲ್ವೋ?"

*

ಒರ್ನೆಲ್ಲಾ ಹನ್ನೊಂದೂವರೆಗೆ ಬಂದಳು. ಮಂಜು ಅವಳ ಕೋಟಿನ ಮೇಲೆ ಕೂತು ಒಳಗೂ ಬಂತು.

"ರುಜು ಆಯ್ತಾ?"

"ಇನ್ನೊಮ್ಮೆ ನೋಡ್ಬೇಕು, ಸಿಯೋರಾ."

"ಮೂರು ದಿನದಿಂದ ನೋಡ್ತಿದ್ದೀರಿ, ಲಿವಿಯೊ ಅವರೇ. ಹೆಣ್ಣು ನೋಡೋಕೆ ಹೋದೋರೂ ಇಷ್ಟು ನೋಡಲ್ಲ."

"ಬಲ್ಬು ಸ್ವಲ್ಪ ಸಣ್ಣವು ಹಾಕಿದ್ರೆ?"

"ಯಾಕೆ?"

"ಹಳೇ ಗಾಜು."

"ಅವರಿಗೆ ಆಗಿನ ಕಾಲದ ಬೆಳಕೇ ಬೇಕಂತೆ. ಬಿಸಿ ಬಲ್ಬು, ಹಳದಿ ಬೆಳಕು. ನಾನು ಎಲ್ಲೆಲ್ಲಿಂದ ಹುಡುಕಿ ತರ್ಸಿದ್ದೀನಿ ಗೊತ್ತಾ?" ಅವಳು ಕೈಗವಸು ಬಿಚ್ಚಿದಳು. "ನಿಮಗೆ ಅನುಮಾನ ಇದ್ರೆ ಮಾಡಿದೋರನ್ನೇ ಕೇಳೋಣ. ನಿಮ್ಮ ತಂದೆಯವರು ಮೂರು ಸೇತುವೆ ಆಚೆ ಇದಾರೆ. ಮೋಮೊ, ಹೋಗಿ ಮಾಸ್ತ್ರೊನ ಕರ್ಕೊಂಡು ಬಾ."

"ಅವರಿಗೆ ಕಣ್ಣು ಕಾಣಲ್ಲ," ಎಂದ ಲಿವಿಯೊ.

"ಕೈ ಇದೆಯಲ್ಲ?"

ಮೋಮೊ ಹೊರಟ. ಎದೆಯೊಳಗೆ ಎದ್ದದ್ದು ಹೆದರಿಕೆಯಲ್ಲ ಎಂದು ಲಿವಿಯೊನಿಗೆ ಆಶ್ಚರ್ಯವಾಯಿತು. ಸಿಕ್ಕಿಬೀಳುವ ಆಸೆ ಅದು. ಅಪ್ಪನ ಬೆರಳು ಒಂದು ತೋಳಿನ ಮೇಲೆ ನಿಲ್ಲುತ್ತದೆ, 'ಇದು ಯಾರದು?' ಎನ್ನುತ್ತದೆ. ನಲವತ್ತು ವರ್ಷ ಅವನು ಆ ಪ್ರಶ್ನೆಗೆ ಉತ್ತರ ಸಿದ್ಧಮಾಡಿಟ್ಟುಕೊಂಡಿದ್ದ. ಪ್ರಶ್ನೆ ಮಾತ್ರ ಬಂದಿರಲಿಲ್ಲ.

*

ಎಂಬತ್ತಾರರ ಅನ್ಸೆಲ್ಮೊ ಮೋಮೊನ ತೋಳು ಹಿಡಿದು ಬಂದ. ಜೀವಮಾನವಿಡೀ ಕುಲುಮೆಯ ಬಾಯನ್ನು ದಿಟ್ಟಿಸಿದ ಕಣ್ಣುಗಳು ಬೇಯಿಸಿದ ಮೀನಿನ ಕಣ್ಣಿನಂತೆ ಬೆಳ್ಳಗಾಗಿದ್ದವು. ಹೊಸ್ತಿಲಲ್ಲೇ ನಿಂತು ಮೂಗು ಅರಳಿಸಿದ.

"ಇಲ್ಲಿ ಯಾರ್ರೋ ಸೆಂಟು ಹಾಕ್ಕೊಂಡಿರೋದು? ಕುಲುಮೆಗೆ ಸೆಂಟು ಹಾಕ್ಕೊಂಡು ಬರ್ತಾರಾ?"

"ಈಗ ಇದು ಅಂಗಡಿ, ಮಾಸ್ತ್ರೊ," ಒರ್ನೆಲ್ಲಾ ನಕ್ಕಳು.

"ಹಂಗಾದ್ರೆ ಸರಿ. ಅಂಗಡೀಲಿ ನಾರೋದು ಸಹಜ."

ಅವನನ್ನು ದೀಪದ ಬಳಿಗೆ ನಡೆಸಿದರು. ಅವನು ತೋಳಿನ ಬುಡ ಹಿಡಿದ, ಬಾಗಿನುದ್ದಕ್ಕೂ ಹೆಬ್ಬೆರಳು ಸರಿಸಿದ, ತುದಿಯ ಹೂವಿಗೆ ಉಗುರಿನಿಂದ ಮೆಲ್ಲಗೆ ಹೊಡೆದು ಕಿವಿಗೊಟ್ಟ. ಒಂದು. ಎರಡು. ಬೆರಳುಗಳು ಅವಸರಪಡಲಿಲ್ಲ. ಮೂರು. ಲಿವಿಯೊ ಅವನ ಜೊತೆಜೊತೆಗೆ ಹೆಜ್ಜೆಯಿಟ್ಟ.

ಏಳನೆಯದರಲ್ಲಿ ಹೆಬ್ಬೆರಳು ನಿಂತಿತು. ಹಿಂದಕ್ಕೆ ಬಂತು. ಮತ್ತೆ ಸರಿಯಿತು.

"ಏನಪ್ಪಾ?"

"ಧೂಳು."

ಎಂಟು. ಒಂಬತ್ತು. ಹನ್ನೆರಡು ಮುಗಿದವು. ಮುದುಕ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಎಲ್ಲಾ ನನ್ನವೇ."

ಒರ್ನೆಲ್ಲಾ ಚಪ್ಪಾಳೆ ತಟ್ಟಿದಳು. ಲಿವಿಯೊನ ದನಿ ಬೇಕಾದ್ದಕ್ಕಿಂತ ದೊಡ್ಡದಾಯಿತು: "ಸರಿಯಾಗಿ ನೋಡಿದ್ಯಾ ಅಪ್ಪಾ?"

"ನನ್ನ ಮೂಗು ನಂದೋ ಅಲ್ವೋ ಅಂತ ನಾನು ಎರಡು ಸಲ ಮುಟ್ಟಿ ನೋಡ್ಕೋಬೇಕೇನೋ?"

ಎಲ್ಲರೂ ನಕ್ಕರು. ಲಿವಿಯೊ ಕೂಡ ನಕ್ಕ. ಅದು ಅವನಿಗೆ ಅಭ್ಯಾಸವಾಗಿತ್ತು.

*

ಒಂದು ಗಂಟೆಗೆ ಒರ್ನೆಲ್ಲಾ ವೈನು ತರಿಸಲು, ಮೋಮೊ ರಾಟೆಗೆ ಎಣ್ಣೆ ತರಲು ಹೋದರು. ಅಪ್ಪ ಮಗ ಹಿಂದಿನ ಕೋಣೆಯಲ್ಲಿ ಉಳಿದರು. ಲಿವಿಯೊನ ತಂಗಿ ಡಬ್ಬಿಯಲ್ಲಿ ಕಟ್ಟಿಕೊಟ್ಟಿದ್ದ ಈರುಳ್ಳಿ ಹಾಕಿ ಹುಳಿಯಲ್ಲಿ ನೆನೆಸಿದ ಭೂತಾಯಿ ಮೀನು, ಬ್ರೆಡ್ಡು, ಒಂದು ಸಣ್ಣ ಗ್ಲಾಸು ಬಿಳಿ ವೈನು.

"ಆಗ ಒಂದು ತೋಳು ಒಡೆದಿತ್ತು," ಎಂದ ಲಿವಿಯೊ.

"ಗಾಜು ಅಂದ್ಮೇಲೆ ಒಡೆಯತ್ತೆ."

"ನೀನು ಆಸ್ಪತ್ರೇಲಿದ್ದೆ."

"ನಿಮ್ಮಮ್ಮ ಇದ್ಲು ಆಸ್ಪತ್ರೇಲಿ. ನಾನು ಹೊರಗೆ ಬೆಂಚಿನ ಮೇಲಿದ್ದೆ."

"ಅದರ ಬದಲಿಗೆ ಒಂದನ್ನ ನಾನು ಮಾಡ್ದೆ."

ಮುದುಕ ಬ್ರೆಡ್ಡು ಮುರಿದ. ಅರ್ಧವನ್ನು ಹುಳಿಯಲ್ಲಿ ಅದ್ದಿ, ಹನಿ ಉದುರುವುದನ್ನು ಕಾದು, ಬಾಯಿಗಿಟ್ಟ.

"ಎಂಟನೇ ಸಲಕ್ಕೆ ನಿಂತಿತು ಅಂತ ಜೋರ್ಜಿ ಹೇಳ್ದ," ಎಂದ.

ಲಿವಿಯೊ ಕುರ್ಚಿಯ ಅಂಚು ಹಿಡಿದುಕೊಂಡ. ಜೋರ್ಜಿ ಸತ್ತು ಮೂವತ್ತೈದು ವರ್ಷವಾಗಿತ್ತು.

"ಯಾವಾಗ ಹೇಳ್ದ?"

"ಹೇಳ್ದ."

"ಪೆಟ್ಟಿಗೆ ತೆಗೆದು ನೋಡಿದ್ಯಾ?"

"ಈರುಳ್ಳಿ ಕಮ್ಮಿ ಹಾಕಿದ್ದಾಳೆ. ನಿನ್ನ ತಂಗಿ ಜಿಪುಣಿ ಆಗ್ತಿದ್ದಾಳೆ ಕಣೋ."

"ಅಪ್ಪಾ. ಅದನ್ನ ಏನ್ ಮಾಡ್ದೆ?"

"ಎಷ್ಟು ಹೊತ್ತು ಒಲೇಲಿ ಬಿಟ್ಟಿದ್ದೆ?"

"ನಾಲ್ಕು ಗಂಟೆ."

ಅನ್ಸೆಲ್ಮೊ ತಲೆಯಾಡಿಸಿದ. "ನಾಲ್ಕು ಗಂಟೇಲಿ ನನ್ನ ಸಿಟ್ಟು ಆರಲ್ಲ. ಗಾಜು ಆರತ್ತಾ?"

"ಅವತ್ತು ದೋಣಿ ಯಾಕೆ ಒಂದು ದಿನ ತಡ ಆಯ್ತು?"

"ಮಂಜು."

"ಮೇ ತಿಂಗಳಲ್ಲಿ?"

"ಇತ್ತು."

ಮಂಜಿರಲಿಲ್ಲ. ಆಸ್ಪತ್ರೆಯ ಕಿಟಕಿಯಿಂದ ಇಡೀ ದ್ವೀಪ ಬಿಸಿಲಿನಲ್ಲಿ ಕಾಣುತ್ತಿದ್ದದ್ದು ಲಿವಿಯೊನಿಗೆ ನೆನಪಿತ್ತು. ಅವನು ಅಮ್ಮನ ಕೈ ಹಿಡಿದು ಕೂತಿದ್ದಾಗ ಅಪ್ಪ ಒಂದು ತೋಳು ತಿರುಚುತ್ತಿದ್ದಿರಬೇಕು. ಒಂದಿಡೀ ರಾತ್ರಿ, ಮರುದಿನವೂ ಅದನ್ನು ಒಲೆಯಲ್ಲಿಟ್ಟು ಕಾದಿರಬೇಕು. ಇನ್ನೊಂದು, ಉಣ್ಣೆಯ ಶಾಲಿನಲ್ಲಿ ಸುತ್ತಿದ್ದು, ಮೂಲೆಯ ಒಡಕು ಗಾಜಿನ ಡ್ರಮ್ಮಿಗೆ ಬಿದ್ದಿರಬೇಕು. ಆಮೇಲೆ ಕರಗಿ ಯಾರದೋ ಮನೆಯ ಹೂದಾನಿಯೋ ಬೂದಿಬಟ್ಟಲೋ ಆಗಿರಬೇಕು.

ಹಾಗಾಗದೆಯೂ ಇರಬಹುದು. ದೋಣಿ ಬೇರೆ ಕಾರಣಕ್ಕೆ ತಡವಾಗಿರಬಹುದು.

"ಚೆನ್ನಾಗಿತ್ತಾ?" ಎಂದು ಕೇಳಿದ. ಐವತ್ತೆಂಟು ವರ್ಷದ ಗಂಡಸಿನ ದನಿ ಅದಾಗಿರಲಿಲ್ಲ.

"ಏನು?"

"ಅದು."

ಅಪ್ಪ ಗ್ಲಾಸನ್ನು ಮೇಜಿನ ಮೇಲೆ ತಡಕಿದ. ಲಿವಿಯೊ ಅದನ್ನು ಅವನ ಬೆರಳಿಗೆ ಸರಿಸಿಕೊಟ್ಟ.

"ಎಲ್ಲಾ ನನ್ನವೇ ಅಂದೆನಲ್ಲ," ಎಂದ ಮುದುಕ. "ಇನ್ನೂ ಏನು ಬೇಕು ನಿಂಗೆ?"

*

ಲಿವಿಯೊ ಮುಂದಿನ ಹಾಲಿಗೆ ಬಂದು ಬಲ ಜೇಬಿನಿಂದ ಹಾಳೆಗಳನ್ನು ತೆಗೆದ.

ಮೂರು ದಿನ ಯಾವುದನ್ನು ನೋಡಲು ಹೆದರಿದ್ದನೋ ಅದು ಈಗ ಬೇಕೇಬೇಕಾಗಿತ್ತು. ಬಣ್ಣ ಕಾಣಬೇಕಾಗಿತ್ತು. ತನ್ನ ತಪ್ಪು, ತನ್ನ ಅವಸರ, ನಾಲ್ಕು ಗಂಟೆಯ ಬಿಗಿತ, ಏನೇ ಆದರೂ ಅಲ್ಲಿ ಎಲ್ಲೋ ತೂಗಾಡುತ್ತಿರಬೇಕಾಗಿತ್ತು. ಅಲ್ಲಿಲ್ಲದಿದ್ದರೆ ಎಲ್ಲಿಯೂ ಇಲ್ಲ.

ಒಂದು ಹಾಳೆಯನ್ನು ಕಿಟಕಿಯ ಕಡೆಗೆ, ತೋಳಿನ ಹಿಂದೆ ಹಿಡಿದ. ಇನ್ನೊಂದನ್ನು ಕಣ್ಣಿನ ಮುಂದೆ ಅಡ್ಡ ಹಿಡಿದ. ಮಂಜಿನ ಬೆಳಕು ಆರಿತು.

ಏಳನೆಯದನ್ನು ಮೊದಲು ನೋಡಿದ. ಕತ್ತಲೆ. ಧೂಳೇ ಇರಬೇಕು.

ಒಂದನೆಯದು. ಕತ್ತಲೆ. ಎರಡು. ಮೂರು. ಕೈ ಬೆವರಿ ಹಾಳೆ ಜಾರುತ್ತಿತ್ತು. ನಾಲ್ಕು, ಐದು, ಆರು. ಅಪ್ಪನ ತೋಳುಗಳು ಒಂದಾದಮೇಲೊಂದು ಶಾಂತವಾಗಿ, ಕಪ್ಪಾಗಿ, ಏನನ್ನೂ ಬಚ್ಚಿಡದೆ ನಿಂತಿದ್ದವು. ಎಂಟು. ಒಂಬತ್ತು.

ಹೊರಗೆ ದೋಣಿ ದಡಕ್ಕೆ ತಾಗಿದ ಸದ್ದಾಯಿತು. "ಬನ್ನಿ ಬನ್ನಿ, ಹುಷಾರು, ಮೆಟ್ಟಿಲು ಜಾರತ್ತೆ!" ಒರ್ನೆಲ್ಲಾ ಅತಿಥಿಗಳಿಗೆಂದೇ ಇಟ್ಟುಕೊಂಡ ದನಿ ಅದು. ಬಾಸೆಲ್‌ನವರು ಮೂರಕ್ಕೇ ಬಂದಿದ್ದರು.

ಲಿವಿಯೊ ಹಾಳೆಗಳನ್ನು ಜೇಬಿಗೆ ತುರುಕಿದ. ಮೂರು ತೋಳುಗಳು ಉಳಿದವು.

*

ಬಾಸೆಲ್‌ನ ಗಂಡ ಉದ್ದ, ಹೆಂಡತಿ ಗಿಡ್ಡ. ಇಬ್ಬರೂ ಚರ್ಚಿನಲ್ಲಿದ್ದಂತೆ ಪಿಸುಗುಟ್ಟುತ್ತಿದ್ದರು. ಒರ್ನೆಲ್ಲಾ ಲಿವಿಯೊನಿಂದ ಕಾಗದ ಇಸಿದುಕೊಂಡು ಮೇಜಿನ ಮೇಲಿಟ್ಟು ಪೆನ್ನಿನ ಮುಚ್ಚಳ ತಾನೇ ತೆಗೆದುಕೊಟ್ಟಳು.

"ನಮ್ಮ ಪರಿಣತರು ಮೂರು ದಿನ ಪರೀಕ್ಷೆ ಮಾಡಿದ್ದಾರೆ," ಎಂದಳು. "ಇವರ ತಂದೆಯವರ ಕೆಲಸವೇ ಆದ್ರೂ ಒಂದಿಷ್ಟು ರಿಯಾಯಿತಿ ತೋರ್ಸಿಲ್ಲ."

ಲಿವಿಯೊ ಓದಿದ. ಹನ್ನೆರಡೂ. ಒಂದೇ ಕೈ. ಬದಲಿ ಯಾವುದೂ ಇಲ್ಲ. ವಾಕ್ಯ ಚೆನ್ನಾಗಿತ್ತು, ಅವನೇ ತಿದ್ದಿದ್ದ. ಇದು ಸುಳ್ಳಾದರೆ ತಾನು ಆ ದೀಪದಲ್ಲಿದ್ದೇನೆ. ನಿಜವಾದರೆ ಇಲ್ಲ. ಅಪ್ಪ ಸೋಫಾದಲ್ಲಿ, ಹಿಂದೆ ಕುಲುಮೆ ಇದ್ದ ಜಾಗದಲ್ಲೇ ಕೂತಿದ್ದ.

ರುಜು ಹಾಕಿದ. ಅಪ್ಪನ ಹೆಸರು ಮೇಲೆ, ತನ್ನದು ಕೆಳಗೆ.

ಮೋಮೊ ಸರಪಳಿ ಎಳೆದ. ದೀಪ ಕುಲುಕದೆ ಮೇಲೇರಿ ಇವರೆಲ್ಲರ ತಲೆಯ ಮೇಲೆ ನಿಂತಿತು. ಅನ್ಸೆಲ್ಮೊ ಎದ್ದು ಬಂದು ಮಗನ ಮೊಣಕೈ ಹಿಡಿದುಕೊಂಡ. ಒರ್ನೆಲ್ಲಾ ಸ್ವಿಚ್ಚು ಒತ್ತಿದಳು.

ಹನ್ನೆರಡು ಹೂಗಳೂ ಒಟ್ಟಿಗೆ ಹೊತ್ತಿದವು. ಬಾಸೆಲ್‌ನ ಹೆಂಡತಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಕಾಲುವೆಯ ಕಡೆಯ ಬಾಗಿಲು ಇನ್ನೂ ತೆರೆದೇ ಇತ್ತು. ನವೆಂಬರಿನ ಥಂಡಿ ಗಾಳಿ ನೆಲದಿಂದೆದ್ದು ಮೇಲಿನ ಶಾಖದ ಕಡೆಗೆ ಹೋಗುತ್ತಿದ್ದದ್ದು ಲಿವಿಯೊನ ಕಾಲಿಗೆ ತಿಳಿಯುತ್ತಿತ್ತು.

"ಬಾಗಿಲು ಹಾಕಿ," ಎಂದ. ಯಾರಿಗೂ ಕೇಳಿಸಲಿಲ್ಲ. ಗ್ಲಾಸುಗಳಿಗೆ ವೈನು ಬೀಳುತ್ತಿತ್ತು.

ಒಂದು ನಿಮಿಷ. ಎರಡು. ಬಾಸೆಲ್‌ನವನು ಏನೋ ಹೇಳಿದ, ಒರ್ನೆಲ್ಲಾ ಜೋರಾಗಿ ನಕ್ಕಳು.

ಆ ನಗೆಯ ನಡುವೆ ಮೇಲಿನಿಂದ ಟಿಕ್ ಎಂದಿತು.

ಸಣ್ಣ ಸದ್ದು. ಸಕ್ಕರೆ ಹರಳೊಂದನ್ನು ಹಲ್ಲಿನಲ್ಲಿ ಕಡಿದಷ್ಟು. ಗಾಜು ಮಾಡುವ ಮನೆಯಲ್ಲಿ ಹುಟ್ಟಿದವರಿಗೆ ಮಾತ್ರ ಅದು ಗಾಜು ಸೀಳುವ ಸದ್ದು. ಅಪ್ಪನ ಬೆರಳುಗಳು ಮೊಣಕೈಯ ಮೂಳೆಗೆ ಊರಿದವು. ಅವನ ಮುಖ ಮೇಲೆತ್ತಿತ್ತು. ಬಿಳಿ ಕಣ್ಣುಗಳಲ್ಲಿ ಹನ್ನೆರಡು ಹಳದಿ ಚುಕ್ಕೆಗಳಿದ್ದವು.

"ಯಾವುದು?" ಎಂದ ಲಿವಿಯೊ, ತುಟಿ ಅಲುಗಿಸದೆ.

ಅಪ್ಪ ಕಿವಿಯನ್ನು ಮೇಲಕ್ಕೆ ತಿರುಗಿಸಿದ. ಬೆರಳು ಸಡಿಲಿಸಲಿಲ್ಲ.

"ಮಾಸ್ತ್ರೊ, ಮಗ, ಇಬ್ರೂ ದೀಪದ ಕೆಳಗೆ ನಿಲ್ಲಿ," ಒರ್ನೆಲ್ಲಾ ಕೂಗಿದಳು. "ಒಂದು ಫೋಟೋ! ಮೋಮೊ, ತೆಗಿ."

ಅವರು ಆಗಲೇ ಕೆಳಗೆ ನಿಂತಿದ್ದರು. ಲಿವಿಯೊ ತಲೆಯೆತ್ತಿ ಹತ್ತನೆಯದನ್ನು, ಹನ್ನೊಂದನೆಯದನ್ನು, ಹನ್ನೆರಡನೆಯದನ್ನು ಹುಡುಕಿದ. ಬೆಳಕಿನಲ್ಲಿ ಎಣಿಕೆ ತಪ್ಪಿತು. ಎಲ್ಲವೂ ಒಂದೇ ಬಿಳುಪಾಗಿ ಉರಿಯುತ್ತಿದ್ದವು. ಎಲ್ಲಿಂದ ಶುರುವೆಂದು ತಿಳಿಯದೆ ಮತ್ತೆ ಎಣಿಸಿದ.

ಮೋಮೊ ಕ್ಯಾಮೆರಾ ಕಣ್ಣಿಗೆ ಹಿಡಿದ. ಕೆಳಗಿಳಿಸಿದ.

"ಪ್ರೊಫೆಸರ್ರೇ, ಆ ಕೈ ಇಳ್ಸಿ ಸ್ವಲ್ಪ. ಫೋಟೋದಲ್ಲಿ ಭಿಕ್ಷೆ ಬೇಡ್ದಂಗೆ ಬರತ್ತೆ."

ಆಗಷ್ಟೇ ಲಿವಿಯೊ ತನ್ನ ಬಲಗೈ ನೋಡಿದ. ಅದು ಯಾವಾಗಲೋ ಮುಂದಕ್ಕೆ ಚಾಚಿಕೊಂಡು, ಅಂಗೈ ಮೇಲಾಗಿ, ಬೀಳುವುದನ್ನು ಹಿಡಿಯುವಂತೆ ಬೆರಳು ಅರಳಿಸಿ ನಿಂತಿತ್ತು.

ಅವನು ಇಳಿಸಲಿಲ್ಲ.